ರಕ್ತದ ಸಾಕ್ಷ್ಯವೂ ಗಂಡಸಿನ ಬಂಜೆತನವೂ

ಮದುವೆಯಾಗಿ ಮೂರು ನಾಲ್ಕು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ಕಟ್ಟುವ ಸೂಚನೆ ಕಾಣದಿದ್ದರೆ, ನಮ್ಮಲ್ಲಿ ಮೊದಲು ವೈದ್ಯರ ಬಾಗಿಲಿಗೆ ಹೋಗುವವಳು ಹೆಂಡತಿ. ಹರಕೆ ಹೊರುವವಳೂ ಅವಳೇ, ಅಶ್ವತ್ಥಕಟ್ಟೆ ಸುತ್ತುವವಳೂ ಅವಳೇ. ‘ಬಂಜೆ’ ಎಂಬ ಮಾತಿಗೆ ನಮ್ಮ ಆಡುನುಡಿಯಲ್ಲಿ ಪುಲ್ಲಿಂಗದ ರೂಪವೇ ಇಲ್ಲ. ಷಂಡ, ನಪುಂಸಕ ಎಂಬ ಬೈಗುಳಗಳುಂಟು. ಆದರೆ ಅವುಗಳ ಅರ್ಥ ಬೇರೆ. ದಾಂಪತ್ಯ ನಡೆಸುವ ಶಕ್ತಿ ಒಂದು, ಸಂತಾನ ಪಡೆಯುವ ಶಕ್ತಿ ಇನ್ನೊಂದು. ಮೊದಲನೆಯದು ಸರಿಯಾಗಿದ್ದರೆ ಎರಡನೆಯದೂ ಸರಿಯಾಗಿರಲೇಬೇಕೆಂದು ಜನ ನಂಬಿರುವುದರಿಂದ, ಗಂಡನನ್ನು ಪರೀಕ್ಷಿಸಬೇಕೆಂಬ ಮಾತು ಹೊರಡುವುದೇ ತಡವಾಗಿ. ವಾಸ್ತವವಾಗಿ, ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಭಾಗದ ಕಾರಣವೂ ಸೇರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಯಸ್ಕರಲ್ಲಿ ಆರು ಮಂದಿಗೆ ಒಬ್ಬರು ತಮ್ಮ ಆಯುಷ್ಯದಲ್ಲಿ ಎಂದಾದರೂ ಈ ತೊಂದರೆಯನ್ನು ಅನುಭವಿಸುತ್ತಾರೆ.

ಕೊನೆಗೆ ಗಂಡ ಆಸ್ಪತ್ರೆಗೆ ಬಂದನೆನ್ನೋಣ. ರಕ್ತ ಕೊಡಲು ಅವನು ಸಂಕೋಚಪಡುವುದಿಲ್ಲ. ತೋಳು ಮಡಿಸಿ ಸೂಜಿಗೆ ಒಡ್ಡುತ್ತಾನೆ. ವೀರ್ಯವನ್ನು ಪರೀಕ್ಷೆಗೆ ಕೊಡಬೇಕೆಂದೊಡನೆ ಮುಖ ಬಾಡುತ್ತದೆ, ರಜೆ ಸಿಗುವುದಿಲ್ಲ, ಮುಂದಿನ ತಿಂಗಳು ನೋಡೋಣವೆನ್ನುತ್ತಾನೆ. ಹೀಗಿರುವಾಗ, ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲಿರುವ ಉರಿಯೂತದ ಸೂಚಕಗಳನ್ನು ನೋಡಿಯೇ ಗಂಡಸಿನ ಸಂತಾನಶಕ್ತಿಯನ್ನು ಊಹಿಸಬಹುದೆಂಬ ಮಾತು ಕಿವಿಗೆ ಬಿದ್ದರೆ ಅದು ಎಷ್ಟು ಹಿತವಾಗಿ ಕೇಳಿಸೀತು! ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ವೈದ್ಯ ಪತ್ರಿಕೆಗಳಲ್ಲಿ ಇಂಥ ಲೇಖನಗಳು ಬರುತ್ತಲೇ ಇವೆ. ಈ ಊಹೆಯಲ್ಲಿ ಹುರುಳೆಷ್ಟು? ಭೌತಶಾಸ್ತ್ರ ಪಾಠ ಹೇಳುವ ನಮಗೆ ವೈದ್ಯರ ಹೊಲದಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ರೋಗವನ್ನು ಗುಣಪಡಿಸುವ ಗೊಡವೆಗೆ ನಾವು ಹೋಗುವುದಿಲ್ಲ. ಆದರೆ ಒಂದು ಅಳತೆ ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯಲಾರದು ಎಂಬುದನ್ನು ವಿಚಾರಿಸುವುದು ನಮ್ಮ ನಿತ್ಯದ ಕಸುಬು.

ಮೊದಲು ಉರಿಯೂತವೆಂದರೇನು ಎಂಬುದನ್ನು ನೋಡೋಣ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಕೆಲ್ಸಸ್ ಎಂಬ ಗ್ರಂಥಕಾರನು ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಕೆಂಪೇರುವುದು, ಬಾತುಕೊಳ್ಳುವುದು, ಬಿಸಿಯಾಗುವುದು, ನೋಯುವುದು. ನಮ್ಮ ಕನ್ನಡದ ಪದವು ಇವುಗಳಲ್ಲಿ ಎರಡನ್ನು, ಉರಿಯನ್ನೂ ಊತವನ್ನೂ, ತನ್ನೊಳಗೇ ಇಟ್ಟುಕೊಂಡಿದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಈ ನಾಲ್ಕೂ ಕಣ್ಣಿಗೆ ಕಾಣುತ್ತವೆ. ಒಳಗಿನ ಅಂಗಕ್ಕೆ ಹೀಗಾದರೆ ಕಾಣುವುದು ಹೇಗೆ? ಗಾಯದ ಸ್ಥಳದಲ್ಲಿರುವ ಜೀವಕೋಶಗಳು ಕೆಲವು ರಾಸಾಯನಿಕ ದೂತರನ್ನು ರಕ್ತಕ್ಕೆ ಬಿಡುತ್ತವೆ. ಇಂಟರ್‌ಲ್ಯೂಕಿನ್-6 ಎಂಬುದು ಅವುಗಳಲ್ಲೊಂದು. ಅದು ಯಕೃತ್ತನ್ನು ಮುಟ್ಟಿದೊಡನೆ ಯಕೃತ್ತು ತನ್ನ ಎಂದಿನ ತಯಾರಿಕೆಯನ್ನು ಬದಲಿಸಿ ಬೇರೆ ಕೆಲವು ಪ್ರೋಟೀನುಗಳನ್ನು ಹೇರಳವಾಗಿ ಸುರಿಸುತ್ತದೆ. ಮೂಳೆಯ ಮಜ್ಜೆಯಿಂದ ಬಿಳಿಯ ರಕ್ತಕಣಗಳು ದಂಡುದಂಡಾಗಿ ಹೊರಡುತ್ತವೆ. ರಕ್ತದಲ್ಲಿ ನಾವು ಹುಡುಕುವುದು ಈ ಬದಲಾವಣೆಗಳನ್ನೇ. ಅಂದರೆ ಬೆಂಕಿಯನ್ನಲ್ಲ, ಹೊಗೆಯನ್ನು.

ಹೊಗೆ ನೋಡುವ ಉಪಾಯಗಳಲ್ಲಿ ಅತಿ ಹಳೆಯದು, ಎಲ್ಲರೂ ಇ.ಎಸ್.ಆರ್. ಎಂದು ಕರೆಯುವ ಪರೀಕ್ಷೆ. ರಕ್ತವು ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿ, ಕಿರಿದಾದ ಗಾಜಿನ ನಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ, ಕೆಂಪು ಕಣಗಳು ಮೆಲ್ಲಗೆ ಕೆಳಗಿಳಿದು ಮೇಲೆ ತಿಳಿಹಳದಿಯ ರಸ ಉಳಿಯುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಇಳಿದವೆಂದು ಓದಿದರೆ ಮುಗಿಯಿತು. ಪೋಲೆಂಡಿನ ಬಿಯೆರ್ನಾಟ್ಸ್ಕಿ 1897ರಲ್ಲೇ ಇದನ್ನು ಗಮನಿಸಿದ್ದನು. ಆದರೆ ಇದಕ್ಕೆ ಪ್ರಚಾರ ಬಂದದ್ದು 1918ರಲ್ಲಿ, ಸ್ವೀಡನ್ನಿನ ರಾಬಿನ್ ಫೋರೆಯೂಸ್ ಎಂಬಾತನ ಕೈಯಲ್ಲಿ. ಆತನು ಹುಡುಕುತ್ತಿದ್ದುದು ಉರಿಯೂತವನ್ನಲ್ಲ. ಗರ್ಭಿಣಿಯರ ರಕ್ತದ ಕಣಗಳು ಬೇಗ ಇಳಿಯುವುದನ್ನು ಕಂಡು, ಗರ್ಭವನ್ನು ಪತ್ತೆಹಚ್ಚಲು ಇದೊಂದು ಉಪಾಯವಾದೀತೆಂದು ಆಶಿಸಿದ್ದನು. ಬೇರೆ ಕಾಯಿಲೆಗಳಲ್ಲಿಯೂ ಅದೇ ವೇಗ ಕಂಡುಬಂದುದರಿಂದ ಆ ಆಸೆ ಕೈಗೂಡಲಿಲ್ಲ. 1921ರಲ್ಲಿ ಅದೇ ದೇಶದ ವೆಸ್ಟರ್‌ಗ್ರೆನ್ ಕ್ಷಯರೋಗಿಗಳಲ್ಲಿ ಇದನ್ನು ಬಳಸಿ, ಇಂದಿಗೂ ರೂಢಿಯಲ್ಲಿರುವ 200 ಮಿಲಿಮೀಟರು ಗುರುತಿನ ನಳಿಗೆಯನ್ನು ನಿಗದಿಪಡಿಸಿದನು. ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವುಂಟು. ರಕ್ತದ ಒಂದು ಅಂಕಿಯಿಂದ ಸಂತಾನದ ಸುದ್ದಿ ತಿಳಿಯಬೇಕೆಂಬ ಹಂಬಲ ಹೊಸದಲ್ಲ. ಆ ಪರೀಕ್ಷೆಯ ಹುಟ್ಟಿನಲ್ಲಿಯೇ ಅದು ಸೇರಿಕೊಂಡಿದೆ.

ಕಣಗಳು ಬೇಗ ಇಳಿಯುವುದೇಕೆ? ಇದು ನಮ್ಮ ತರಗತಿಯ ಲೆಕ್ಕವೇ ಸರಿ. ದ್ರವದಲ್ಲಿ ಮುಳುಗುವ ಸಣ್ಣ ಗುಂಡಿನ ವೇಗವು ಅದರ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಸ್ಟೋಕ್ಸನ ನಿಯಮ ಹೇಳುತ್ತದೆ. ಕೆಂಪು ಕಣಗಳ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿ ತೇಲುತ್ತವೆ. ಉರಿಯೂತವಿದ್ದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಫೈಬ್ರಿನೋಜನ್ ಎಂಬ ಉದ್ದನೆಯ ಪ್ರೋಟೀನು ಈ ವಿಕರ್ಷಣೆಯನ್ನು ಮೀರಿ ಕಣಗಳನ್ನು ಬೆಸೆಯುತ್ತದೆ. ಆಗ ಅವು ಒಂದರಮೇಲೊಂದು ಪೇರಿಸಿಟ್ಟ ನಾಣ್ಯಗಳಂತೆ ಕೂಡಿಕೊಳ್ಳುತ್ತವೆ. ಹತ್ತು ಕಣಗಳು ಒಂದಾಗಿ ಒಂದೇ ಗುಂಡಾದವೆಂದು ಸ್ಥೂಲವಾಗಿ ಭಾವಿಸಿದರೆ, ಘನಗಾತ್ರ ಹತ್ತರಷ್ಟಾಗಿ, ವೇಗ ಸುಮಾರು ನಾಲ್ಕೂವರೆಯಷ್ಟು ಹೆಚ್ಚಬೇಕು. ಲೆಕ್ಕ ಸೊಗಸಾಗಿದೆ, ಆದರೆ ಅದರಲ್ಲಿ ಯಾವ ಅಂಗದ ಹೆಸರೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಹಲ್ಲಿನ ಬೇರು ಕೊಳೆತರೂ ಮಂಡಿ ಬಾತರೂ ಗರ್ಭ ನಿಂತರೂ ನಳಿಗೆ ಹೇಳುವುದು ಅದೇ ಮಿಲಿಮೀಟರಿನ ಭಾಷೆಯಲ್ಲಿ. ರಕ್ತಹೀನತೆಯಿದ್ದರೂ ಕಣಗಳು ಬೇಗ ಇಳಿಯುತ್ತವೆ.

ಎರಡನೆಯದು ಸಿ.ಆರ್.ಪಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ರೋಗಾಣುವಿನ ‘ಸಿ’ ಎಂಬ ಅಂಶದೊಡನೆ ಕೂಡಿ ಇದು ಗರಣೆಗಟ್ಟುತ್ತಿದ್ದುದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ಹೆಸರು ಬಂದಿತು. ಸೋಂಕು ತಗಲಿದ ಕೆಲವೇ ಗಂಟೆಗಳಲ್ಲಿ ಇದು ಏರತೊಡಗಿ, ಎರಡು ದಿನಗಳಲ್ಲಿ ಶಿಖರ ಮುಟ್ಟುತ್ತದೆ. ತಯಾರಿಕೆ ನಿಂತರೆ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. ಈ 19 ಎಂಬ ಅಂಕಿಯನ್ನು ನೆನಪಿನಲ್ಲಿಟ್ಟಿರಬೇಕು. ಮುಂದೆ ಅದರಿಂದ ಕೆಲಸವಿದೆ.

ಈಚೆಗೆ ಹೆಚ್ಚು ಸದ್ದುಮಾಡುತ್ತಿರುವುದು ಮೂರನೆಯದು. ಬಿಳಿಯ ಕಣಗಳಲ್ಲಿ ನ್ಯೂಟ್ರೊಫಿಲ್ ಎಂಬವು ಮುಂಚೂಣಿಯ ಕಾಲಾಳುಗಳು. ಲಿಂಫೊಸೈಟ್ ಎಂಬವು ಶತ್ರುವಿನ ಗುರುತನ್ನು ನೆನಪಿಟ್ಟುಕೊಳ್ಳುವ ಜಾತಿಯವು. ದೇಹಕ್ಕೆ ಒತ್ತಡ ಬಂದಾಗ ಮೊದಲಿನವು ಏರುತ್ತವೆ, ಎರಡನೆಯವು ಇಳಿಯುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಒಂದೇ ಅಂಕಿಯಲ್ಲಿ ಎರಡೂ ಸುದ್ದಿ ಬರುತ್ತದೆಂದು 2001ರಲ್ಲಿ ಸ್ಲೊವಾಕಿಯದ ಜಾಹೊರೆಟ್ಸ್ ಸೂಚಿಸಿದನು. ಆರೋಗ್ಯವಂತರಲ್ಲಿ ಈ ಅನುಪಾತ ಸಾಮಾನ್ಯವಾಗಿ ಒಂದರಿಂದ ಮೂರರೊಳಗೆ ಇರುತ್ತದೆ. ಹೊಸ ಉಪಕರಣ ಬೇಡ, ಹೆಚ್ಚಿನ ಖರ್ಚಿಲ್ಲ. ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿರುವ ಅಂಕೆಗಳನ್ನೇ ಭಾಗಿಸಿದರೆ ಸಾಕು. ಲೇಖನಗಳು ಇಷ್ಟೊಂದು ಬರುವುದಕ್ಕೆ ಈ ಸುಲಭವೂ ಒಂದು ಕಾರಣವೆಂದು ನಮ್ಮ ಗುಮಾನಿ.

ಸುಲಭವಾದ ಅಂಕಿ ನಿಖರವಾದ ಅಂಕಿಯಲ್ಲ. ಸೂಕ್ಷ್ಮದರ್ಶಕದಲ್ಲಿ ಗಾಜಿನ ಪಟ್ಟಿಯನ್ನು ನೋಡುತ್ತ ನೂರು ಬಿಳಿಯ ಕಣಗಳನ್ನು ಎಣಿಸುವುದು ಹಳೆಯ ಪದ್ಧತಿ. ಅದರಲ್ಲಿ 60 ನ್ಯೂಟ್ರೊಫಿಲ್, 30 ಲಿಂಫೊಸೈಟ್ ಸಿಕ್ಕವೆನ್ನೋಣ. ಅನುಪಾತ ಎರಡು. ಆದರೆ ನೂರನ್ನೇ ಎಣಿಸಿದಾಗ, ಕೇವಲ ಆಕಸ್ಮಿಕದಿಂದಲೇ ಪ್ರತಿಯೊಂದು ಎಣಿಕೆಯಲ್ಲಿ ಐದರಷ್ಟು ಅತ್ತಿತ್ತ ಆಗುವುದು ಸಹಜ; ನಾಣ್ಯವನ್ನು ನೂರು ಸಲ ಚಿಮ್ಮಿದರೆ ಸರಿಯಾಗಿ ಐವತ್ತೇ ರಾಜಮುಖ ಬೀಳುವುದಿಲ್ಲವಷ್ಟೆ. ಅದೇ ಮನುಷ್ಯನ ಅದೇ ಹನಿಯಲ್ಲಿ ಒಮ್ಮೆ 55ಕ್ಕೆ 35, ಅಂದರೆ 1.6, ಇನ್ನೊಮ್ಮೆ 65ಕ್ಕೆ 25, ಅಂದರೆ 2.6 ಬಂದರೂ ಎಣಿಸಿದವನ ತಪ್ಪಲ್ಲ. ಅಮೆರಿಕದ ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಯಂತ್ರವು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿತು. ಉಪ್ಪುನೀರಿನಲ್ಲಿ ತೇಲುವ ಕಣಗಳನ್ನು ಸೂಜಿಮೊನೆಯಂಥ ರಂಧ್ರದ ಮೂಲಕ ಒಂದೊಂದಾಗಿ ಹಾಯಿಸಿ, ಪ್ರತಿ ಕಣವೂ ದಾಟುವಾಗ ವಿದ್ಯುತ್ ನಿರೋಧ ಏರುವುದನ್ನು ಎಣಿಸುವ ಉಪಾಯ ಅದು. ಈಗಿನ ಯಂತ್ರಗಳು ಕ್ಷಣಮಾತ್ರದಲ್ಲಿ ಸಾವಿರಾರು ಕಣಗಳನ್ನು ಎಣಿಸುತ್ತವೆ. ಎಣಿಕೆಯ ದೋಷ ತಗ್ಗಿತು, ನಿಜ. ದೇಹದ ಚಾಂಚಲ್ಯ ತಗ್ಗಲಿಲ್ಲ. ಹಿಂದಿನ ರಾತ್ರಿ ನಿದ್ದೆಗೆಟ್ಟರೆ, ಬೆಳಿಗ್ಗೆ ಓಡಿದರೆ, ಸ್ಟೀರಾಯ್ಡ್ ಮಾತ್ರೆ ನುಂಗಿದರೆ, ಬೀಡಿ ಸೇದುತ್ತಿದ್ದರೆ ಅನುಪಾತ ಬದಲಾಗುತ್ತದೆ.

ಇನ್ನು ಇನ್ನೊಂದು ಪಕ್ಷವನ್ನು ವಿಚಾರಿಸೋಣ. ವೀರ್ಯಾಣುವನ್ನು ಮನುಷ್ಯನು ಮೊದಲು ಕಂಡದ್ದೇ ಉರಿಯೂತದ ನೆರಳಿನಲ್ಲಿ. 1677ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಲೇವೆನ್‌ಹುಕ್‌ನ ಬಳಿಗೆ ಹಾಮ್ ಎಂಬ ವೈದ್ಯ ವಿದ್ಯಾರ್ಥಿ ಒಂದು ಸೀಸೆಯನ್ನು ತಂದನು. ಅದರಲ್ಲಿದ್ದುದು ಗೊನೋರಿಯಾ ರೋಗಿಯೊಬ್ಬನ ಸ್ರಾವ. ಅದರಲ್ಲಿ ಬಾಲವುಳ್ಳ ಜೀವಿಗಳು ಓಡಾಡುವುದನ್ನು ಹಾಮ್ ಕಂಡು, ಅವು ಕೊಳೆತದಿಂದ ಹುಟ್ಟಿದವೆಂದು ತಿಳಿದಿದ್ದನು. ಲೇವೆನ್‌ಹುಕ್ ಅಷ್ಟಕ್ಕೆ ತೃಪ್ತನಾಗದೆ ಆರೋಗ್ಯವಂತನ, ಎಂದರೆ ತನ್ನದೇ, ವೀರ್ಯವನ್ನು ಪರೀಕ್ಷಿಸಿದನು. ಅಲ್ಲಿಯೂ ಅವೇ ಜೀವಿಗಳು! ಲಂಡನ್ನಿನ ರಾಯಲ್ ಸೊಸೈಟಿಗೆ ಆತ ಬರೆದ ಪತ್ರದಲ್ಲಿ, ಈ ವಿಷಯ ವಿದ್ವಾಂಸರಿಗೆ ಅಸಹ್ಯವೆನಿಸುವುದಾದರೆ ಪ್ರಕಟಿಸದೆ ಬಿಡಬಹುದೆಂದು ವಿನಯದಿಂದ ಸೂಚಿಸಿದ್ದನು. ಸಂಕೋಚವು ಆಗಲೂ ಇತ್ತು. ಆದರೆ ಪರೀಕ್ಷೆಗೆ ಅದು ಅಡ್ಡಬರಲಿಲ್ಲ.

ವೀರ್ಯಾಣು ತಯಾರಾಗುವ ಕಾರ್ಖಾನೆ ವೃಷಣ. ಅದರೊಳಗಿನ ನವುರಾದ ನಾಳಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ನೂರಾರು ಮೀಟರು ಆದೀತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಚುಚ್ಚಿ ನೋಡಿದವರಿಗೆ ಒಂದು ವಿಚಿತ್ರ ಕಂಡಿತು. ಮೈಯ ಬಹುಪಾಲು ಅಂಗಗಳು ಬಣ್ಣ ಹೀರಿಕೊಂಡರೂ ಮಿದುಳೂ ಈ ನಾಳಗಳ ಒಳಭಾಗವೂ ಹಾಗೆಯೇ ಉಳಿದವು. ರಕ್ತಕ್ಕೂ ನಾಳದ ಒಳಮನೆಗೂ ನಡುವೆ ಒಂದು ಗೋಡೆ ಇದೆ. ಇಟಲಿಯ ಸೆರ್ಟೋಲಿ 1865ರಲ್ಲಿ ವರ್ಣಿಸಿದ ಆಧಾರಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡು ಆ ಗೋಡೆಯನ್ನು ಕಟ್ಟಿವೆ. ಇದರ ಅಗತ್ಯವೇನು? ಶಿಶುವಾಗಿದ್ದಾಗಲೇ ದೇಹದ ರಕ್ಷಣಾದಳವು ‘ಇವು ನಮ್ಮವು’ ಎಂದು ಸ್ವಂತ ಕೋಶಗಳ ಪಟ್ಟಿ ಕಲಿತಿರುತ್ತದೆ. ವೀರ್ಯಾಣುಗಳು ಹುಟ್ಟುವುದು ಹನ್ನೆರಡು ಹದಿಮೂರು ವರ್ಷಗಳ ತರುವಾಯ. ಪಟ್ಟಿಯಲ್ಲಿಲ್ಲದ ಈ ಹೊಸಬರನ್ನು ಪರಕೀಯರೆಂದು ಹೊಡೆಯದಂತೆ ಮರೆಯಲ್ಲಿಟ್ಟು ಬೆಳೆಸಬೇಕಾಗುತ್ತದೆ.

ಬೆಳೆಯಲು ಎಷ್ಟು ದಿನ? ಹೆಲ್ಲರ್ ಮತ್ತು ಕ್ಲೆರ್ಮಾಂಟ್ 1963ರಲ್ಲಿ ವಿಕಿರಣಶೀಲ ಹೈಡ್ರೊಜನ್ನಿನಿಂದ ಗುರುತು ಹಾಕಿದ ಥೈಮಿಡಿನ್ ಎಂಬ ವಸ್ತುವನ್ನು ಬಳಸಿ ಇದನ್ನು ಅಳೆದರು. ಮೂಲಕೋಶದಿಂದ ಬಾಲವುಳ್ಳ ವೀರ್ಯಾಣುವಿನವರೆಗೆ ಸುಮಾರು 74 ದಿನ. ಆಮೇಲೆ ಎಪಿಡಿಡಿಮಿಸ್ ಎಂಬ, ಆರು ಮೀಟರಿನಷ್ಟು ಉದ್ದದ ಸುರುಳಿ ನಾಳದಲ್ಲಿ ಹಾದು ಈಜುವ ಶಕ್ತಿ ಪಡೆಯಲು ಇನ್ನಷ್ಟು ದಿನ. ಹೀಗೆ ಇಂದು ಪರೀಕ್ಷೆಗೆ ಬಂದ ವೀರ್ಯದಲ್ಲಿರುವುದು ಸುಮಾರು ಎರಡೂವರೆ ಮೂರು ತಿಂಗಳ ಹಿಂದೆ ಬಿತ್ತಿದ ಬೆಳೆ.

ಉರಿಯೂತವು ಈ ಬೆಳೆಯನ್ನು ಕೆಡಿಸಬಲ್ಲದೇ? ಖಂಡಿತವಾಗಿಯೂ ಕೆಡಿಸಬಲ್ಲದು, ಅದರಲ್ಲಿ ಸಂದೇಹವಿಲ್ಲ. ದಾರಿಗಳು ಹಲವು, ಒಂದರಂತೆ ಒಂದಿಲ್ಲ.

ಜ್ವರ ಒಂದು ದಾರಿ. ವೃಷಣಗಳು ದೇಹದ ಹೊರಗೆ ತೂಗಾಡುತ್ತಿರುವುದು ತಂಪಿಗಾಗಿ. ಅಲ್ಲಿನ ಉಷ್ಣತೆ ಒಡಲಿನ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ. ಒಳಗಿನಿಂದ ಬರುವ ಬಿಸಿ ರಕ್ತದ ಅಪಧಮನಿಯನ್ನು, ಹಿಂತಿರುಗುವ ತಣ್ಣನೆಯ ರಕ್ತದ ಅಭಿಧಮನಿಗಳು ಬಳ್ಳಿಯಂತೆ ಸುತ್ತಿಕೊಂಡು ಶಾಖವನ್ನು ಹೀರುತ್ತವೆ. ಮೈಗೆ ಜ್ವರ ಬಂದಾಗ ಈ ಏರ್ಪಾಡು ಸೋಲುತ್ತದೆ. ನ್ಯೂಯಾರ್ಕಿನ ಮೆಕ್ಲಿಯೋಡ್ 1951ರಲ್ಲಿ ಸೀತಾಳೆ ಸಿಡುಬು, ನ್ಯುಮೋನಿಯಾ ಬಂದವರ ವೀರ್ಯವನ್ನು ವಾರವಾರವೂ ಪರೀಕ್ಷಿಸಿ ವರದಿ ಮಾಡಿದನು. ಎಣಿಕೆಯ ಕುಸಿತ ಕಂಡದ್ದು ಜ್ವರದ ದಿನಗಳಲ್ಲಲ್ಲ, ಕೆಲವು ವಾರಗಳ ತರುವಾಯ; ಕ್ರಮೇಣ ಅದು ಮೊದಲಿನಂತಾಯಿತು.

ಇನ್ನೊಂದು ದಾರಿ ನೇರವಾದ ಸೋಂಕು. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ತಗಲಿದವರಲ್ಲಿ ಕೆಲವರಿಗೆ ವೃಷಣವೂ ಬಾಯುತ್ತದೆ. ಎರಡೂ ಕಡೆ ಬಾತರೆ ಸಂತಾನಶಕ್ತಿ ಕುಗ್ಗಬಹುದು, ಪೂರ್ಣ ಬಂಜೆತನ ಮಾತ್ರ ಅಪರೂಪ. ಕ್ಷಯವೂ ಗೊನೋರಿಯಾವೂ ಎಪಿಡಿಡಿಮಿಸನ್ನು ಹಿಡಿದು, ವಾಸಿಯಾಗುವಾಗ ಗಾಯದ ಕಲೆಯಿಂದ ದಾರಿಯನ್ನೇ ಮುಚ್ಚಿಬಿಡುವುದುಂಟು. ಆಗ ಕಾರ್ಖಾನೆ ನಡೆಯುತ್ತಿದ್ದರೂ ಸರಕು ಹೊರಗೆ ಬರುವುದಿಲ್ಲ.

ಎಲ್ಲಕ್ಕಿಂತ ಕುತೂಹಲಕರವಾದುದು ನಮ್ಮ ಕಾಲಾಳುಗಳೇ ಮಾಡುವ ಹಾನಿ. ಸೆರ್ಟೋಲಿಯ ಗೋಡೆ ಇರುವುದು ವೃಷಣದ ನಾಳಗಳಲ್ಲಿ; ಎಪಿಡಿಡಿಮಿಸಿನಲ್ಲಿಯೂ ಪ್ರಾಸ್ಟೇಟ್ ಗ್ರಂಥಿಯಲ್ಲಿಯೂ ಅಷ್ಟು ಭದ್ರವಾದ ಕಾವಲಿಲ್ಲ. ಅಲ್ಲಿ ಸೋಂಕಾದರೆ ನ್ಯೂಟ್ರೊಫಿಲ್‌ಗಳು ವೀರ್ಯದೊಳಕ್ಕೇ ನುಗ್ಗುತ್ತವೆ. ರೋಗಾಣುಗಳನ್ನು ಕೊಲ್ಲಲು ಅವು ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸಿ, ಹೈಡ್ರೊಜನ್ ಪೆರಾಕ್ಸೈಡನ್ನೂ ಅದರಿಂದ ಹೈಪೊಕ್ಲೋರಸ್ ಆಮ್ಲವನ್ನೂ ತಯಾರಿಸುತ್ತವೆ. ಬಾವಿಗೆ ಹಾಕುವ ಬಿಳುಪು ಪುಡಿ ಕ್ರಿಮಿಗಳನ್ನು ಕೊಲ್ಲುವುದೂ ಇದೇ ಆಮ್ಲದಿಂದ. ವೀರ್ಯಾಣುವಿನ ಹೊರಪೊರೆಯು ಬೇಗ ಕಿಲುಬುವಂಥ ಕೊಬ್ಬಿನಿಂದ ಆದದ್ದು. ಭಾರ ತಗ್ಗಿಸಿಕೊಂಡು ಓಡಬೇಕಾದ ಕಣವಾದುದರಿಂದ ಅದು ಕೋಶರಸವನ್ನೂ ಅದರೊಡನೆ ತನ್ನ ದುರಸ್ತಿಯ ಸಾಮಾನುಗಳನ್ನೂ ಕಳೆದುಕೊಂಡಿರುತ್ತದೆ. ಉಗ್ರ ಆಮ್ಲಜನಕ ತಾಕಿದರೆ ಪೊರೆ ಕೆಟ್ಟು ಓಟ ನಿಲ್ಲುತ್ತದೆ, ಒಳಗಿನ ಡಿ.ಎನ್.ಎ.ಗೂ ಪೆಟ್ಟು ಬೀಳಬಹುದು. ಮೇಲೆ ಹೇಳಿದ ಮೆಕ್ಲಿಯೋಡನೇ 1943ರಲ್ಲಿ, ಆಮ್ಲಜನಕದ ನಡುವೆ ವೀರ್ಯಾಣುಗಳ ಚಲನೆ ಕುಂದುವುದನ್ನೂ, ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಬೆರೆಸಿದರೆ ಚಲನೆ ಉಳಿಯುವುದನ್ನೂ ತೋರಿಸಿದ್ದನು.

ವೇರಿಕೋಸೀಲ್ ಎಂಬ ಇನ್ನೊಂದು ದೋಷವಿದೆ. ಎಲ್ಲ ಗಂಡಸರಲ್ಲಿ ನೂರಕ್ಕೆ ಸುಮಾರು 15 ಮಂದಿಗೂ, ಮಕ್ಕಳಾಗದ ಗಂಡಸರಲ್ಲಿ 35ರಿಂದ 40 ಮಂದಿಗೂ ಇದು ಕಾಣುತ್ತದೆ. ಎಡ ವೃಷಣದ ಅಭಿಧಮನಿ ಮೇಲೇರಿ ಮೂತ್ರಪಿಂಡದ ಅಭಿಧಮನಿಗೆ ಲಂಬವಾಗಿ ಸೇರುತ್ತದೆ. ಅದರೊಳಗಿನ ಕವಾಟಗಳು ಕೆಟ್ಟರೆ ನಿಂತ ಮನುಷ್ಯನಲ್ಲಿ ಅಷ್ಟುದ್ದದ ರಕ್ತಸ್ತಂಭದ ಭಾರವೆಲ್ಲ ಕೆಳಗಿನ ಸಿರೆಗಳ ಮೇಲೆ ಬೀಳುತ್ತದೆ. ಸ್ತಂಭದ ಎತ್ತರ 40 ಸೆಂಟಿಮೀಟರು ಎಂದಿಟ್ಟುಕೊಂಡರೆ ಒತ್ತಡ ಸುಮಾರು 30 ಮಿಲಿಮೀಟರು ಪಾದರಸದಷ್ಟು. ಸಿರೆಗಳು ಉಬ್ಬುತ್ತವೆ, ತಂಪಿನ ಏರ್ಪಾಡು ಕೆಡುತ್ತದೆ. ಬೊಜ್ಜಿನದು ಮತ್ತೊಂದು ಬಗೆ. ಕೊಬ್ಬಿನ ರಾಶಿಯಿಂದ ಇಂಟರ್‌ಲ್ಯೂಕಿನ್-6 ಸದಾ ತೊಟ್ಟಿಕ್ಕುತ್ತಿರುವುದರಿಂದ ಸಿ.ಆರ್.ಪಿ. ತುಸು ಮೇಲಕ್ಕೇ ಇರುತ್ತದೆ. ಅದೇ ಕೊಬ್ಬು ಗಂಡುಹಾರ್ಮೋನನ್ನು ಹೆಣ್ಣುಹಾರ್ಮೋನಾಗಿ ಪರಿವರ್ತಿಸುತ್ತದೆ.

ಹೀಗೆ ಉರಿಯೂತಕ್ಕೂ ಸಂತಾನಕ್ಕೂ ನಂಟು ಉಂಟಾದ ಮೇಲೆ, ರಕ್ತದ ಸೂಚಕವೇ ಸಾಕಲ್ಲವೆ? ಇಲ್ಲಿಯೇ ನಾವು ತಡೆದು ನಿಲ್ಲಬೇಕಾದುದು.

ಮೊದಲನೆಯ ತೊಡಕು ಕಾಲದ್ದು. ಸಿ.ಆರ್.ಪಿ.ಯ ಗಡಿಯಾರ 19 ಗಂಟೆಯದು. ವೃಷಣದ ಗಡಿಯಾರ 74 ದಿನದ್ದು. ಜ್ವರ ಬಿಟ್ಟು ಹದಿನೈದು ದಿನವಾಗುವಷ್ಟರಲ್ಲಿ ಸಿ.ಆರ್.ಪಿ. ಹತ್ತೊಂಬತ್ತು ಸಲ ಅರ್ಧವಾಗಬಹುದಾದ ಕಾಲ ಸಂದುಹೋಗಿರುತ್ತದೆ, ಅಂದರೆ ಅದರ ಕುರುಹೂ ಉಳಿದಿರುವುದಿಲ್ಲ. ಆದರೆ ವೀರ್ಯದ ಕುಸಿತ ಆರಂಭವಾಗುವುದೇ ಆಗ. ತದ್ವಿರುದ್ಧವಾಗಿ, ಇಂದು ಜ್ವರ ಕಾಯುತ್ತಿರುವವನ ರಕ್ತದಲ್ಲಿ ಹೊಗೆ ದಟ್ಟವಾಗಿದ್ದರೂ ಅವನ ವೀರ್ಯ ಹಿಂದಿನ ತಿಂಗಳುಗಳ ಒಳ್ಳೆಯ ಬೆಳೆಯೇ ಆಗಿರಬಹುದು. ಒಂದೇ ದಿನ ತೆಗೆದ ಎರಡು ಮಾದರಿಗಳು ಎರಡು ಬೇರೆ ಋತುಗಳ ಕಥೆ ಹೇಳುತ್ತಿರುತ್ತವೆ.

ಎರಡನೆಯದು ಗಾತ್ರದ್ದು. ಮೈಯಲ್ಲಿರುವ ರಕ್ತ ಐದು ಲೀಟರಿನಷ್ಟು. ವೃಷಣವೊಂದರ ತೂಕ ಇಪ್ಪತ್ತು ಗ್ರಾಮಿನ ಆಸುಪಾಸು. ಎಪಿಡಿಡಿಮಿಸಿನಲ್ಲಾಗಲಿ ಪ್ರಾಸ್ಟೇಟಿನಲ್ಲಾಗಲಿ ಬಹುಕಾಲದಿಂದ ಹೊಗೆಯಾಡುತ್ತಿರುವ ಸಣ್ಣ ಉರಿಯೂತವು ರಕ್ತದಲ್ಲಿ ಯಾವ ಸುಳಿವನ್ನೂ ಕೊಡದಿರುವುದು ಸಾಮಾನ್ಯ. ಅದೇ ರಕ್ತದಲ್ಲಿ ಒಸಡಿನ ಬಾವು, ಒಡೆದ ಹಿಮ್ಮಡಿಯ ಕೀವು ಗಟ್ಟಿಯಾಗಿ ಕೂಗುತ್ತಿರುತ್ತವೆ.

ಮೂರನೆಯದು ಸರಾಸರಿಯ ಮೋಸ. ತುರ್ಕಿ, ಇಟಲಿ ಮೊದಲಾದ ದೇಶಗಳ ಆಸ್ಪತ್ರೆಗಳಲ್ಲಿ ಮಕ್ಕಳಾಗದ ಗಂಡಸರ ದಾಖಲೆಗಳನ್ನು ತೆಗೆದು ನೋಡಿದಾಗ, ನ್ಯೂಟ್ರೊಫಿಲ್-ಲಿಂಫೊಸೈಟ್ ಅನುಪಾತ ಅವರಲ್ಲಿ ತುಸು ಹೆಚ್ಚೆಂದು ಕೆಲವರಿಗೆ ಕಂಡಿದೆ. ವ್ಯತ್ಯಾಸವಿಲ್ಲವೆಂದು ಬೇರೆ ಕೆಲವರಿಗೆ ಕಂಡಿದೆ. ವ್ಯತ್ಯಾಸ ನಿಜವೆಂದೇ ಒಪ್ಪಿಕೊಳ್ಳೋಣ. ಲೆಕ್ಕಕ್ಕಾಗಿ ನಾವೇ ಅಂಕೆಗಳನ್ನು ಇಟ್ಟುಕೊಳ್ಳೋಣ: ತಂದೆಯಾದವರ ಸರಾಸರಿ 1.9, ಆಗದವರದು 2.2, ಎರಡು ಗುಂಪಿನಲ್ಲಿಯೂ ಹರಹು 0.7. ಸಾವಿರಾರು ಜನರನ್ನು ಎಣಿಸಿದರೆ ಈ ವ್ಯತ್ಯಾಸ ಗಣಿತದ ಒರೆಗಲ್ಲಿನಲ್ಲಿ ಅಪ್ಪಟವಾಗಿ ಹೊಳೆಯುತ್ತದೆ. ಈಗ ಒಬ್ಬ ಮನುಷ್ಯ ಬಂದ. ಅವನ ಅನುಪಾತ 2.2ಕ್ಕಿಂತ ಮೇಲಿದೆ. ಅವನು ಯಾವ ಗುಂಪಿನವನು? ಆಗದವರಲ್ಲಿ ನೂರಕ್ಕೆ ಐವತ್ತು ಮಂದಿ ಆ ಗೆರೆಯ ಮೇಲಿದ್ದಾರೆ. ತಂದೆಯಾದವರಲ್ಲಿಯೂ ನೂರಕ್ಕೆ 33 ಮಂದಿ ಅಲ್ಲೇ ಇದ್ದಾರೆ! ಗೆರೆಯ ಕೆಳಗಿರುವವನಿಗೆ ‘ನಿನ್ನಲ್ಲಿ ದೋಷವಿಲ್ಲ’ ಎಂದು ಹೇಳಿ ಕಳುಹಿಸಿದರೆ, ಆಗದವರಲ್ಲಿ ಅರ್ಧ ಮಂದಿಗೆ ಸುಳ್ಳು ಧೈರ್ಯ ಹೇಳಿದಂತಾಯಿತು. ಅಂಥವನ ಮನೆಯಲ್ಲಿ ಔಷಧವೂ ಚುಚ್ಚುಮದ್ದೂ ಕೊಂಕುಮಾತೂ ಮತ್ತೆ ಹೆಂಡತಿಯ ಪಾಲಿಗೇ ಹೋಗುತ್ತವೆ. ಈ ಅನುಪಾತದ ವಿಷಯದಲ್ಲಿ ನಮಗಿರುವ ಮುಖ್ಯ ತಕರಾರು ಇದೇ.

ಹಾಗೆಂದ ಮಾತ್ರಕ್ಕೆ ರಕ್ತಪರೀಕ್ಷೆ ನಿರುಪಯೋಗಿಯಲ್ಲ. ವೀರ್ಯಾಣುಗಳ ಎಣಿಕೆ ಬಹಳ ಕಡಿಮೆಯಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ದೋಷ ಕಾರ್ಖಾನೆಯದೋ ದಾರಿಯದೋ ಎಂದು ತಿಳಿಯಲು ಎಫ್.ಎಸ್.ಎಚ್. ಮತ್ತು ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನುಗಳನ್ನು ರಕ್ತದಲ್ಲಿ ಅಳೆಯುತ್ತಾರೆ. ಕಾರ್ಖಾನೆ ಕೆಟ್ಟಿದ್ದರೆ ಮಿದುಳಿನ ತಳದ ಗ್ರಂಥಿಯು ಎಫ್.ಎಸ್.ಎಚ್.ಅನ್ನು ಹೆಚ್ಚಾಗಿ ಸುರಿಸಿ ಕೆಲಸಕ್ಕೆ ಅವಸರಪಡಿಸುತ್ತದೆ. ಇದು ಆ ಅಂಗಕ್ಕೇ ಬರೆದ ಕಾಗದ. ಊರಿಗೆಲ್ಲ ಸಾರಿದ ಡಂಗುರವಲ್ಲ. ಉರಿಯೂತದ ಸೂಚಕಗಳು ಮೇಲಿದ್ದರೂ ಅವು ಎಲ್ಲಿಂದ ಬಂದವೆಂದು ಹುಡುಕಬೇಕಾದುದೇ. ಆದರೆ ಅದು ಆ ಮನುಷ್ಯನ ಆರೋಗ್ಯಕ್ಕಾಗಿ, ಅವನು ತಂದೆಯಾಗಬಲ್ಲನೇ ಎಂಬ ತೀರ್ಪಿಗಾಗಿ ಅಲ್ಲ.

ಕೊನೆಗೂ ನೋಡಬೇಕಾದುದು ಲೇವೆನ್‌ಹುಕ್ ನೋಡಿದ್ದನ್ನೇ. ಎರಡರಿಂದ ಏಳು ದಿನಗಳ ಸಂಯಮದ ನಂತರ ಮಾದರಿ ಕೊಡಬೇಕು. ಬೇಗನೆ, ಒಂದು ಗಂಟೆಯೊಳಗೆ, ಪರೀಕ್ಷೆ ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಮೊದಲು ಬಂದದ್ದು 1980ರಲ್ಲಿ. 2021ರ ಆರನೆಯ ಮುದ್ರಣದಲ್ಲಿ ಕೆಳಗಿನ ಗೆರೆಗಳು ಹೀಗಿವೆ: ಪರಿಮಾಣ 1.4 ಮಿಲಿಲೀಟರು, ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ಚಲಿಸುವವು ನೂರಕ್ಕೆ 42, ಸರಿಯಾದ ಆಕಾರದವು ನೂರಕ್ಕೆ 4. ಈ ಗೆರೆಗಳೂ ದೈವಲಿಖಿತವಲ್ಲ. ಹನ್ನೆರಡು ತಿಂಗಳೊಳಗೆ ಗರ್ಭ ನಿಂತ ದಂಪತಿಗಳ ಗಂಡಂದಿರನ್ನೇ ಪರೀಕ್ಷಿಸಿ, ಅವರಲ್ಲಿ ಅತಿ ಕೆಳಗಿನ ನೂರಕ್ಕೆ ಐದು ಮಂದಿ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಗೆರೆ ಎಳೆದಿದ್ದಾರೆ. ಆ ಐವರೂ ತಂದೆಯಾದವರೇ! ಆದುದರಿಂದ ಅಂಕಿ ಗೆರೆಗಿಂತ ಕೆಳಗೆ ಬಂದವನು ಎದೆಗುಂದಬೇಕಾಗಿಲ್ಲ. ಅದೇ ಮಾದರಿಯಲ್ಲಿ ಬಿಳಿಯ ಕಣಗಳನ್ನೂ ಎಣಿಸಬಹುದು. ಹೈಪೊಕ್ಲೋರಸ್ ಆಮ್ಲ ತಯಾರಿಸುವ ಪೆರಾಕ್ಸಿಡೇಸ್ ಎಂಬ ಕಿಣ್ವವೇ ಅವುಗಳಿಗೆ ಬಣ್ಣ ಹಿಡಿಸಿ ತೋರಿಸಿಕೊಡುತ್ತದೆ. ಮಿಲಿಲೀಟರಿಗೆ ಹತ್ತು ಲಕ್ಷಕ್ಕಿಂತ ಹೆಚ್ಚಿದ್ದರೆ ಸೋಂಕನ್ನು ಶಂಕಿಸುವುದು ರೂಢಿ. ಹೊಗೆಯನ್ನು ಊರಾಚೆಯಿಂದ ನೋಡುವುದಕ್ಕಿಂತ ಅದೇ ಕೋಣೆಯಲ್ಲಿ ನೋಡುವುದು ಇದು.

ಒಂದು ಪರೀಕ್ಷೆಯಿಂದ ನಿರ್ಣಯಕ್ಕೆ ಬರಬಾರದೆಂದು ವೈದ್ಯರು ಹೇಳುವುದಕ್ಕೂ ಆ 74 ದಿನವೇ ಕಾರಣ. ಡೆಂಗ್ಯೂ, ಟೈಫಾಯ್ಡ್, ಕೋವಿಡ್ ಯಾವುದೇ ಜ್ವರ ಬಂದುಹೋಗಿದ್ದರೆ, ಅದು ಬಂದ ತಾರೀಖನ್ನು ಮಾದರಿಯ ಚೀಟಿಯ ಮೇಲೆ ಬರೆಸುವುದು ಒಳ್ಳೆಯದು. ಎಣಿಕೆ ಕಡಿಮೆ ಬಂದರೆ, ಆ ತಾರೀಖಿನಿಂದ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾದರಿ ಕೊಟ್ಟು, ಎರಡು ಚೀಟಿಗಳನ್ನೂ ಜೊತೆಯಲ್ಲಿಟ್ಟು ವೈದ್ಯರಿಗೆ ತೋರಿಸಬೇಕು.